ತೊಳೆದು ತಂದ ಡಬ್ಬಿ

ಹೋದ ತಿಂಗಳು ಲಿಂಗಸೂಗೂರು ಕೋರ್ಟಿನ ಎದುರು, ನನ್ನ ಟೈಪ್ ಮಷೀನಿನ ಮುಂದೆ, ಒಬ್ಬ ಗಂಡಸು ಬಂದು ಕುಕ್ಕರಗಾಲಲ್ಲಿ ಕೂತ. ಹೆಂಡತಿ ತೀರಿಕೊಂಡಿದ್ದಾಳೆ, ತಹಶೀಲ್ ಕಚೇರಿಗೆ ಒಂದು ಅರ್ಜಿ ಬೇಕು ಎಂದ. ಹೆಂಡತಿಯ ಹೆಸರು ಕೇಳಿದೆ, ಊರು ಕೇಳಿದೆ. ಅವನು ಹೇಳುತ್ತಿದ್ದಂತೆ ನನ್ನ ಬೆರಳು ಕೀಲಿಯ ಮೇಲೇ ನಿಂತವು.

"ಏನಾಗಿತ್ತು?"

"ಜ್ವರ ಬಂದಿದ್ವುರಿ. ದವಾಖಾನಿಗೆ ಒಯ್ಯಬೇಕು ಅನ್ನೂದ್ರಾಗ ಹೋದ್ಲು."

ಅವನಿಗೆ ನನ್ನ ಗುರುತಿರಲಿಲ್ಲ. ಆಕೆ ಕೋರ್ಟಿಗೆ ಓಡಾಡುತ್ತಿದ್ದ ಕಾಲದಲ್ಲಿ ಅವನು ಹಟ್ಟಿಯಲ್ಲಿ ಗಣಿ ಹೊರಗಿನ ಕಂತ್ರಾಟು ಕೂಲಿ ಮಾಡಿಕೊಂಡಿದ್ದ. ಅರ್ಜಿ ಟೈಪ್ ಮಾಡಿಕೊಟ್ಟೆ. ಅವನು ಹೋದ ಮೇಲೆ ಆ ದಿನ ಬೇರೆ ಕೆಲಸಕ್ಕೆ ಕೈ ಏಳಲಿಲ್ಲ.

ಆಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ದಾವೆ, ವಕಾಲತ್ತು, ಸಮನ್ಸು ಎಂದು ಆ ಹೆಸರನ್ನು ನಾನೇ ಎಷ್ಟೋ ಸಲ ಟೈಪ್ ಮಾಡಿದ್ದೇನೆ. ಅದರಿಂದ ಆಕೆಗೆ ಕವಡೆ ಕಿಮ್ಮತ್ತಿನ ಉಪಯೋಗ ಆಗಲಿಲ್ಲ.

ಆಕೆಯನ್ನು ಮೊದಲು ನೋಡಿದ್ದು ಎಂಬತ್ತರ ದಶಕದ ಕೊನೆಯಲ್ಲಿ. ಆಗ ನಾನು ಲಿಂಗಸೂಗೂರಿನ ಒಬ್ಬ ವಕೀಲರ ಹತ್ತಿರ ಕಾರಕೂನನಾಗಿದ್ದೆ. ಮಸ್ಕಿ ಕಡೆಯ ಬೆಳಗಿನ ಬಸ್ಸಿಗೆ ಬಂದಿದ್ದಳು. ಸೊಂಟದ ಮೇಲೆ ವರ್ಷದ ಹೆಣ್ಣುಕೂಸು, ಕೂಸಿನ ಮೈತುಂಬ ಸೆರಗು. ಬೆಂಚು ತೋರಿಸಿದೆ. "ಬೆಂಚ್ ಬ್ಯಾಡ್ರಿ ಅಣ್ಣಾರ, ನೆಲ ನನಗ ಗುರ್ತೈತಿ" ಎಂದು ಫೈಲಿನ ಕಪಾಟಿಗೆ ಒರಗಿ ಕೆಳಗೇ ಕೂತಳು. ಮುಂದೆ ಮೂರ್ನಾಲ್ಕು ವರ್ಷ ಆಕೆಯ ಜಾಗ ಅದೇ ಆಯಿತು.

ಅಳುವ ಕಕ್ಷಿದಾರರನ್ನು ಕಂಡರೆ ನನಗೆ ಸಿಟ್ಟು. ಅಳು ಬಂದರೆ ಮಾತು ತುಂಡಾಗುತ್ತದೆ, ಟೈಪ್ ಮಾಡಲು ಬರುವುದಿಲ್ಲ. ಈಕೆ ಅಳಲಿಲ್ಲ. ನಾಟಿಯ ಹೊಲದಲ್ಲಿ ನಿಂತು ಆ ಬದುವಿಗೆ ಕೇಳುವಂತೆ ಮಾತಾಡುವ ಗಟ್ಟಿ ದನಿ.

"ಖಟ್ಲೆ ಹಾಕಬೇಕ್ರಿ."

"ಯಾರ ಮ್ಯಾಲೆ?" ವಕೀಲರು ಕೇಳಿದರು.

"ಹೊಲದ ಸಾವಕಾರ್ರ ಮ್ಯಾಲೆ. ಗದ್ದಿಗೆ ಹಾಕೂ ಎಣ್ಣಿ ಮಾರಿದಾವ್ರ ಮ್ಯಾಲೆ. ಎಣ್ಣಿ ಮಾಡಿದಾವ್ರು ಎಲ್ಲಿರತಾರೋ ನನಗ ಗೊತ್ತಿಲ್ರಿ, ಅವರ ಮ್ಯಾಲೂ ಹಾಕ್ರಿ."

"ಏನಾಗೈತಿ ನಿನಗ?"

"ನನಗಲ್ರಿ. ಈಕಿಗೆ."

ಸೆರಗು ಸರಿಸಿದಳು. ಕೂಸಿನ ಎಡಗೈ ಎಲ್ಲ ಕೂಸುಗಳಂತೆ ಗಾಳಿಯಲ್ಲಿ ಆಡುತ್ತಿತ್ತು. ಬಲಗೈ ಮೊಣಕೈಗೇ ಮುಗಿದಿತ್ತು. ತುದಿಯಲ್ಲಿ ಅವರೆಕಾಳಿನಷ್ಟು ಒಂದು ಮಾಂಸದ ಗಂಟು, ಅದೂ ಎಡಗೈಯ ಜೊತೆ ಆಡುತ್ತಿತ್ತು. ನಾನು ಮುಖ ತಿರುಗಿಸಿದೆ. ಆಕೆ ಅದನ್ನು ಗಮನಿಸಿ ಸೆರಗು ಮುಚ್ಚಿದಳು.

ನಮ್ಮ ವಕೀಲರು ಒಳ್ಳೆಯವರು, ಆದರೆ ಕಾಯಿದೆಯ ಮನುಷ್ಯ. "ನೋಡವ್ವಾ, ಎಣ್ಣಿ ಮುಟ್ಟಿದಾಕಿ ನೀ. ಆ ದಿನ ಈ ಕೂಸು ಹುಟ್ಟೇ ಇದ್ದಿಲ್ಲ. ಹುಟ್ಟಲಾರದಾವ್ರಿಗೆ ನಷ್ಟ ಆಗೈತಿ ಅಂತ ನಾ ಹೆಂಗ ಕೇಳಲಿ?"

"ಹುಟ್ಟಿದ್ದಿಲ್ರಿ ಸಾಹೇಬ್ರ. ಆದ್ರ ಇದ್ದಳಲ್ರಿ."

ವಕೀಲರು ಚಸ್ಮಾ ತೆಗೆದು ಟೇಬಲ್ಲಿನ ಮೇಲಿಟ್ಟರು. ನನ್ನ ಕಡೆ ತಿರುಗಿ, "ಈಕಿ ಹೇಳಿಕಿ ಬರಕೋ" ಎಂದರು.

ಬರೆದುಕೊಂಡ ಸಂಗತಿ ಇಷ್ಟು. ಮಸ್ಕಿಯ ಒಬ್ಬ ಸಾವಕಾರರದು ಬಳಗಾನೂರು ಸೀಮೆಯಲ್ಲಿ ಕಾಲುವೆ ನೀರಿನ ಗದ್ದೆ. ಆಕೆಯ ಹಳ್ಳಿಯಿಂದ ಹೆಂಗಸರ ಗುಂಪು ಟ್ರ್ಯಾಕ್ಟರ್ ಹತ್ತಿ ಅಲ್ಲಿಗೆ ನೆಲ್ಲು ಹಚ್ಚಲು ಹೋಗುತ್ತಿತ್ತು. ಗುಂಪಿನ ಹಿರಿಯಾಳು ಆಕೆಯ ಅತ್ತೆ. ಮೊದಲೆಲ್ಲ ಗದ್ದೆಯ ಕಸವನ್ನು, ಅಂದರೆ ಕಳೆಯನ್ನು, ಹೆಂಗಸರೇ ಕೀಳುತ್ತಿದ್ದರು. ಆ ವರ್ಷ ಸಾವಕಾರರು ಹೊಸದಾಗಿ ಕಸದ ಎಣ್ಣೆ ತಂದರು. ನೆಲ್ಲು ಹಚ್ಚಿ ಎರಡು ಮೂರು ದಿನಕ್ಕೆ ಚೆಲ್ಲಿದರೆ ಕಸ ಹುಟ್ಟುವುದೇ ಇಲ್ಲ.

"ಡಬ್ಬ್ಯಾಗಿಂದು ಉಸುಕಿಗೆ ಸುರೀತಿದ್ರುರಿ. ನಾವು ಕೈಲೆ ಕಲಸತಿದ್ವಿ. ಆಮ್ಯಾಲೆ ನೀರು ನಿಂತ ಗದ್ದ್ಯಾಗ ಅಡ್ಡಾಡಿ ಚೆಲ್ಲೂದು."

ನಾನು, "ಬುಟ್ಟಿಯಲ್ಲಿ ಹೊತ್ತು ಚೆಲ್ಲಿದೆನು" ಎಂದು ಟೈಪ್ ಹೊಡೆದೆ. ಓದಿ ಹೇಳ್ರಿ ಎಂದಳು. ಓದಿದೆ.

"ಬುಟ್ಟಿ ಅಲ್ರಿ ಅಣ್ಣಾರ. ಉಡಿ."

ನನಗೆ ತಿಳಿಯಲಿಲ್ಲ ಅಂದುಕೊಂಡು ಎದ್ದು ನಿಂತು ತೋರಿಸಿದಳು. ಸೀರೆಯ ಮುಂಭಾಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಹೊಟ್ಟೆಯ ಮೇಲೆ ಚೀಲದಂತೆ ಮಾಡಿದಳು. "ಬೀಜ ಇದರಾಗ, ಗೊಬ್ಬರ ಇದರಾಗ. ಎರಡೂ ಕೈ ಖಾಲಿ ಇರತಾವಲ್ರಿ. ಎಣ್ಣಿ ಉಸುಕೂ ಹಂಗ ತುಂಬಿಕೊಂಡ್ವಿ."

"ಹಸಿ ಉಸುಕೇನು?"

"ಹಸೀದ್ರಿ. ಸೋರಿ ಹೊಟ್ಟಿಗೆ ಹತ್ತತಿತ್ತು. ಸಂಜಿಕೆ ನೋಡಿದ್ರ ಗಂಗಾಳದಷ್ಟು ಅಗಲ ಕೆಂಪಾಗಿರತಿತ್ತು. ಕಾಲುವಿ ನೀರಾಗ ತೊಳಕೊಂಡು ಮರುದಿನ ಅದ ಸೀರಿ ಉಟಗೊಂಡು ಹೋಗೂದು."

ನಮ್ಮ ಕಡೆ ಬಸುರಿಗೆ ಕುಬುಸ ಮಾಡಿ ಉಡಿ ತುಂಬುತ್ತೇವೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬು. ಆ ವರ್ಷವೇ ನನ್ನ ಹೆಂಡತಿಗೂ ತುಂಬಿದ್ದೆವು. ಈಕೆ ನಮ್ಮ ಕಚೇರಿಯಲ್ಲಿ ಸೀರೆಯ ಮುಂಭಾಗ ಎತ್ತಿ ಹಿಡಿದು ನಿಂತಿದ್ದನ್ನು ನೋಡಿ, ಬುಟ್ಟಿ ಎಂಬುದನ್ನು ಅಳಿಸಿ ಉಡಿ ಎಂದು ಮಾಡಿದೆ. ಆ ರಾತ್ರಿ ಮನೆಯಲ್ಲಿ ಅನ್ನ ಸೇರಲಿಲ್ಲ. ಹೆಂಡತಿ ಯಾಕೆಂದು ಕೇಳಿದರೆ ಹೇಳಲಿಲ್ಲ.

ಎಣ್ಣೆ ಚೆಲ್ಲಲು ಆಕೆಯನ್ನೇ ಯಾಕೆ ಕಳಿಸಿದರು ಎಂದು ವಕೀಲರು ಕೇಳಿದಾಗ ಮಾತ್ರ ಆಕೆಯ ದನಿ ಇಳಿಯಿತು. ತಿಂಗಳು ತಪ್ಪಿದ್ದನ್ನು ಆಕೆ ಅತ್ತೆಗೊಬ್ಬಳಿಗೇ ಹೇಳಿದ್ದಳಂತೆ. "ಬಗ್ಗಿ ನೆಲ್ಲು ಹಚ್ಚಬ್ಯಾಡ, ನಡ ಹಿಡಿತೈತಿ. ನೀ ನಿಂತು ಉಸುಕು ಚೆಲ್ಲು, ಹಗರ ಕೆಲಸ" ಎಂದು ಅತ್ತೆಯೇ ಬದುವಿನ ಮೇಲೆ ನಿಂತು ಅವಳ ಉಡಿ ತುಂಬಿದ್ದಳು. ಆರು ದಿನ.

"ಅತ್ತಿ ಅವತ್ತಿನಿಂದ ನನ್ನ ಕೂಡ ಮಾತಾಡಂಗಿಲ್ರಿ. ಸಿಟ್ಟಲ್ಲ. ಆಕಿಗೆ ನನಗ ಮಾರಿ ತೋರಸಾಕ ಆಗವಲ್ದು. ಇದೊಂದು ಬರಿಬ್ಯಾಡ್ರಿ ಅಣ್ಣಾರ."

ನಾವು ಬರೆಯಲಿಲ್ಲ. ಸೊಸೆಯ ಮೇಲಿನ ಪ್ರೀತಿಯಿಂದ ಆದ ಕೆಲಸ ಅದು. ಅತ್ತೆ ಕೆಟ್ಟವಳಾಗಿದ್ದರೆ ಆಕೆಯನ್ನು ಬಗ್ಗಿಸಿ ನಾಟಿ ಮಾಡಿಸುತ್ತಿದ್ದಳು, ಕೂಸು ಎರಡು ಕೈ ಇಟ್ಟುಕೊಂಡು ಹುಟ್ಟುತ್ತಿತ್ತೋ ಏನೋ. ಆ ವಿಚಾರ ತಲೆಗೆ ಬಂದ ದಿನ ನನಗೆ ದೇವರ ಮೇಲೆ ಸಿಟ್ಟು ಬಂತು.

"ಎಣ್ಣಿಯಿಂದನ ಆತು ಅಂತ ಹೆಂಗ ಹೇಳತಿ?" ಎಂದು ವಕೀಲರು ಕೇಳಿದ್ದರು. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಆಕೆ ಕೊಟ್ಟ ಉತ್ತರ ಮಾತ್ರ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

"ಆ ಗದ್ದ್ಯಾಗಿನ ಕಸ ನೋಡೀನ್ರಿ ನಾನು. ಒಂದೊಂದು ಅಲ್ಲಲ್ಲಿ ಮೊಳಕಿ ಒಡದಿರತಾವ. ಮೊಳಕಿ ಬರತೈತಿ, ಎಲಿ ಬಿಡಂಗಿಲ್ಲ. ಅಲ್ಲೇ ಮುರುಟಿ ಗಂಟಾಗತೈತಿ. ಕೂಸು ಹುಟ್ಟಿದಾಗ ಸೂಲಗಿತ್ತಿ ಕೈಯಾಗ ಕೊಟ್ಲು. ಕೈ ನೋಡಿದ್ನಿ. ನೋಡಿದ ಕೂಡ್ಲೇ ಇದನ್ನ ಎಲ್ಲಿ ನೋಡೀನಿ ಅಂತ ನೆನಪಾತು."

ವಕೀಲರು ನೀರು ಕುಡಿದರು. ಇದನ್ನು ಹೇಗೆ ಟೈಪ್ ಮಾಡಲಿ ಎಂದು ನಾನು ಕೇಳಿದೆ. "ಬ್ಯಾಡ, ಎದುರಿನವರು ನಗತಾರ" ಎಂದರು. ಡಾಕ್ಟರ ಹತ್ತಿರ ಕಳಿಸಿದೆವು. ಅವರು ಕೂಸನ್ನು ನೋಡಿ, ಇರಬಹುದು, ಇಲ್ಲದೆಯೂ ಇರಬಹುದು, ಕಾಗದದ ಮೇಲೆ ಬರೆದುಕೊಡಲಾರೆ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ನನಗೂ ಖಾತ್ರಿ ಇಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಗದ್ದೆಯ ಮೊಳಕೆಯನ್ನು ಅಷ್ಟು ಹತ್ತಿರದಿಂದ ನೋಡಿದವರು ನಮ್ಮ ಕಚೇರಿಯಲ್ಲಿ ಆಕೆಯೊಬ್ಬಳೇ.

ದಾವೆ ದಾಖಲಾಯಿತು, ಅಪ್ರಾಪ್ತ ಮಗಳ ಪರವಾಗಿ ತಾಯಿ ಎಂದು. ಆಮೇಲೆ ಶುರುವಾದದ್ದು ತಾರೀಖುಗಳು. ಇವತ್ತು ಎದುರಿನ ವಕೀಲರು ಇಲ್ಲ, ಇವತ್ತು ಜಡ್ಜ್ ಸಾಹೇಬರು ರಜೆ. ಒಂದು ತಾರೀಖೂ ಆಕೆ ತಪ್ಪಿಸಲಿಲ್ಲ. ಕೂಸನ್ನು ಫೈಲಿನ ಕಪಾಟಿನ ಕೆಳಗಿನ ಖಾಲಿ ಖಾನೆಯಲ್ಲಿ ಮಲಗಿಸಿ ತಾನು ಪಕ್ಕದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಸುಲಿದ ಕಾಳಿನಲ್ಲಿ ಒಂದು ಹಿಡಿ ನನ್ನ ಟೇಬಲ್ಲಿಗೆ ಬರುತ್ತಿತ್ತು. ನನ್ನ ಮಷೀನನ್ನು ಕಂಡರೆ ಆಕೆಗೆ ನಗು. "ನೀರಿನ ನಳದ ಮುಂದ ಹೆಂಗಸರು ಜಗಳಾಡಿದಂಗ ಸಪ್ಪಳ ಮಾಡತೈತ್ರಿ ಇದು. ಆದ್ರ ಏನಂದ್ರು ಅನ್ನೂದು ಹಾಳಿ ಮ್ಯಾಲೆ ಉಳಿತೈತಿ, ಅದೊಂದು ಛಲೋ."

ಒಮ್ಮೆ ನಾನು ಬೇಸತ್ತು ಹೇಳಿದೆ: "ಕೋರ್ಟಿನಾಗ ಗೆದ್ದಾವ ಸೋತ, ಸೋತಾವ ಸತ್ತ ಅಂತಾರವ್ವಾ. ಯಾಕ ಅಡ್ಡಾಡತಿ?"

"ಅದು ಗಂಡಸರ ಗಾದಿರಿ. ಹೆಂಗಸರ ಬಗ್ಗೆ ಅದರಾಗ ಏನೂ ಹೇಳಿಲ್ಲ" ಎಂದು ಮತ್ತೆ ಶೇಂಗಾ ಸುಲಿದಳು.

ಕೂಸನ್ನು ಸಾಕ್ಷಿಯ ದಿನ ಜಡ್ಜ್ ಸಾಹೇಬರ ಮುಂದೆ ಎತ್ತಿ ತೋರಿಸೋಣ, ಮನಸ್ಸು ಕರಗುತ್ತದೆ ಎಂದು ವಕೀಲರು ಹೇಳಿದಾಗ ಆಕೆ ಒಪ್ಪಲಿಲ್ಲ. "ನಾ ಬೇಡಾಕ ಬಂದಿಲ್ರಿ, ಕೇಳಾಕ ಬಂದೀನಿ. ಡಾಕ್ಟ್ರು ನೋಡಲಿ, ನೀವು ನೋಡ್ರಿ. ಮಂದಿ ಮುಂದ ನನ್ನ ಮಗಳ್ನ ಎತ್ತಿ ತೋರಸಂಗಿಲ್ಲ." ಮುಂದೆ ಈ ಹುಡುಗಿಗೆ ಯಾರೂ ಹೊಲದಲ್ಲಿ ಕೂಲಿ ಕೊಡುವುದಿಲ್ಲ, ಒಂದು ಕೈಲಿ ನೆಲ್ಲು ಹಚ್ಚಲಾಗುವುದಿಲ್ಲ, ಅದಕ್ಕೆ ಜೀವನಕ್ಕೊಂದು ಆಧಾರ ಬರೆಸಿಕೊಡಬೇಕು. ಆಕೆಯ ದಾವೆ ಇಷ್ಟೇ ಆಗಿತ್ತು, ಇದಕ್ಕಿಂತ ಹೆಚ್ಚು ಕೇಳಲಿಲ್ಲ, ಕಡಿಮೆಗೂ ಒಪ್ಪಲಿಲ್ಲ.

ಕಡಿಮೆಗೆ ಒಪ್ಪಿಸಲು ಸಾವಕಾರರ ಕಡೆಯವನೊಬ್ಬ ನಮ್ಮ ಕಚೇರಿಗೇ ಬಂದಿದ್ದ. ಏನಾದರೂ ಕೊಡುತ್ತೇವೆ, ಖಟ್ಲೆ ತಗೊಂಡುಬಿಡಲಿ ಎಂದ. ನಮ್ಮ ವಕೀಲರಿಗೂ ಅದು ಸರಿ ಅನ್ನಿಸಿತ್ತು. ನನಗೂ ಅನ್ನಿಸಿತ್ತು.

"ಕಾಗದದಾಗ ಏನಂತ ಬರೀತೀರಿ?" ಆಕೆ ಕೇಳಿದಳು.

"ಧರ್ಮಕ್ಕ ಕೊಟ್ಟೀವಿ ಅಂತ ಬರೀತೀವಿ."

"ಧರ್ಮಕ್ಕಾದ್ರ ಮಠಕ್ಕ ಕೊಡ್ರಿ. ಎಣ್ಣಿ ಚೆಲ್ಲಿಸಿದ್ದಕ್ಕ ಅಂತ ಬರದ್ರ ನನಗ ಕೊಡ್ರಿ."

ಅವನು ಎದ್ದು ಹೋದ. ಹಟಮಾರಿ ಹೆಂಗಸು ಎಂದು ನಾನು ಒಳಗೊಳಗೇ ಬೈದುಕೊಂಡೆ. ಆಕೆ ಹಟಮಾರಿಯೇ. ಆದರೆ ಮೇಲಿನ ಮಾತು ಹೇಳುವಾಗ ಆಕೆಯ ಕೈ ಕೂಸಿನ ಮೊಣಕೈ ಸವರುತ್ತಿತ್ತು.

ಸಾವಕಾರರು ಜವಾಬು ಹಾಕಿದರು: ನಮ್ಮ ಗದ್ದೆಗೆ ಅಂಥ ಔಷಧಿ ತಂದೇ ಇಲ್ಲ. ಇನ್ನು ನಾವು ಹೂಂ, ತಂದಿದ್ದೀರಿ ಎಂದು ತೋರಿಸಬೇಕು. ಅಂಗಡಿಯವನ ರಸೀದಿ ಪುಸ್ತಕದಲ್ಲಿ ಏನೂ ಇರಲಿಲ್ಲ. ವಕೀಲರು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಆಕೆ, "ಡಬ್ಬಿ ನಮ್ಮ ಮನ್ಯಾಗ ಐತ್ರಿ" ಎಂದಳು.

ಖಾಲಿ ಡಬ್ಬಿಯನ್ನು ಅತ್ತೆ ಬದುವಿನಿಂದ ಎತ್ತಿಕೊಂಡು ಹೋಗಿ ಚಿಮಣಿ ಎಣ್ಣೆಗೆ ಇಟ್ಟುಕೊಂಡಿದ್ದಳು, ಊರಲ್ಲಿ ಎಲ್ಲರೂ ಹಾಗೆ ಮಾಡುತ್ತಿದ್ದರು. ಕೂಸು ಹುಟ್ಟಿದ ಮೇಲೆ ಈಕೆ ಅದನ್ನು ಅತ್ತೆಯಿಂದ ಕಿತ್ತುಕೊಂಡು ಮಾಳಿಗೆಯ ಮೂಲೆಗೆ ಸೇರಿಸಿದ್ದಳು. ಮೇಲೆ ಚೀಟಿ ಇದೆಯೇ ಎಂದು ವಕೀಲರು ಕೇಳಿದರು. ಬಣ್ಣದ ಕಾಗದ ಅಂಟಿಸಿದೆ, ಅದರ ಮೇಲೆ ಹರಳು ಹರಳಾಗಿ ಅಕ್ಷರ ಇವೆ ಎಂದಳು. ವಕೀಲರ ಮುಖ ಅರಳಿತು. ಔಷಧಿ ಹೆಸರು, ಮಾಡಿದವರ ವಿಳಾಸ, ಎಲ್ಲ ಅದರಲ್ಲೇ ಇರುತ್ತದೆ. ಆ ಡಬ್ಬಿಯೊಂದೇ ನಮ್ಮ ಖಟ್ಲೆಯ ಜೀವ.

ಮುಂದಿನ ತಾರೀಖಿಗೆ ತರಬೇಕು ಎಂದು ಹೇಳಿ ಕಳಿಸುವ ಕೆಲಸ ನನಗೆ ಬಿತ್ತು. ಹಳ್ಳಿಯವರಿಗೆ ತಿಳಿಯುವಂತೆ ಹೇಳುವುದರಲ್ಲಿ ನನ್ನಷ್ಟು ಜಾಣ ಇಲ್ಲ ಎಂಬ ಹಮ್ಮು ನನಗೆ. ಬಸ್ ಸ್ಟ್ಯಾಂಡಿನವರೆಗೆ ಜೊತೆಯಲ್ಲಿ ಹೋಗಿ ಹೇಳಿದೆ: "ಮರೀಬ್ಯಾಡ. ಜಡ್ಜ್ ಸಾಹೇಬ್ರು ತಮ್ಮ ಕೈಯಾಗ ಹಿಡಕೊಂಡು ನೋಡತಾರ ಅದನ್ನ." ಅಷ್ಟು ಹೇಳಿದವನು ಕಾಗದದ ಮಾತು ಎತ್ತಲಿಲ್ಲ. ವಕೀಲರು ಕೇಳಿದ್ದಾರಲ್ಲ, ತಿಳಿದಿರುತ್ತದೆ ಎಂದುಕೊಂಡೆ. ಓದು ಬಾರದವಳಿಗೆ ಡಬ್ಬಿಯೇ ಸಾಕ್ಷಿ, ಮೇಲಿನ ಕಾಗದ ಅಲ್ಲ ಎಂಬುದು ನನ್ನ ಜಾಣ ತಲೆಗೆ ಹೊಳೆಯಲಿಲ್ಲ.

ತಾರೀಖಿನ ದಿನ ಆಕೆ ಹೊಸ ಕುಬುಸದ ಖಣದಲ್ಲಿ ಕಟ್ಟಿ ತಂದಳು. ವಕೀಲರ ಟೇಬಲ್ಲಿನ ಮೇಲಿಟ್ಟು ಬಿಚ್ಚಿದಳು. ತಗಡಿನ ಡಬ್ಬಿ ಕಿಟಕಿಯ ಬೆಳಕಿಗೆ ಥಳಥಳ ಹೊಳೆಯಿತು. ಕಾಗದದ ಒಂದು ಚೂರೂ ಇರಲಿಲ್ಲ.

"ಚೀಟಿ?" ವಕೀಲರು ಕೇಳಿದರು.

"ತೊಳದೀನ್ರಿ. ಹುಣಸಿಹಣ್ಣು, ಬೂದಿ ಹಚ್ಚಿ ಏಳು ಸಲ ತಿಕ್ಕೀನಿ. ಕಾಗದ ಅಂಟಿದ್ದು ಹೋಗವಲ್ದಾಗಿತ್ತು, ಹಂಚಿನ ಚೂರಲೆ ಕೆರದು ತಗದೀನಿ. ತೊಳದ ನೀರು ಕಾಲುವಿಗೆ ಬಿಟ್ಟಿಲ್ರಿ, ದನ ಕುಡಿತಾವ. ಹಿತ್ತಲದಾಗ ಕುಣಿ ತೋಡಿ ಸುರುವಿ ಮಣ್ಣು ಮುಚ್ಚೀನಿ."

"ಯಾಕವ್ವಾ? ಯಾಕ ತೊಳದಿ?"

ಆಕೆ ನನ್ನ ಕಡೆ ನೋಡಿದಳು. "ಜಡ್ಜ್ ಸಾಹೇಬ್ರು ಕೈಯಾಗ ಹಿಡಿತಾರ ಅಂದ್ರಲ್ರಿ ಅಣ್ಣಾರ. ಅವರ ಮನಿ ಮುಂದ ಹಾದು ಬರತೀನಿ ನಾ. ಅವರ ಹೆಂಡ್ತಿ ಅರಿವಿ ಒಣ ಹಾಕೂದು ನೋಡೀನಿ. ತುಂಬಿದ ಬಸುರಿ ಅದಾರ. ಇದನ್ನ ಮುಟ್ಟಿದ ಕೈಲೆ ಸಾಹೇಬ್ರು ಮನಿಗೆ ಹೋದ್ರ ಹೆಂಗ್ರಿ?"

ಇಪ್ಪತ್ತೈದು ವರ್ಷ ಕೋರ್ಟಿನ ಅಂಗಳದಲ್ಲಿ ಕೊಲೆ ಕೇಸು ಕೇಳಿದ್ದೇನೆ, ತಮ್ಮನ ಹೊಲ ನುಂಗಿದ ಅಣ್ಣಂದಿರನ್ನು ಕಂಡಿದ್ದೇನೆ. ಆ ದಿನ ಆದ ಆಘಾತ ಮತ್ತೆ ಆಗಿಲ್ಲ. ಮನುಷ್ಯರ ಕೆಟ್ಟತನ ನೋಡಿ ನನಗೆ ರೂಢಿಯಾಗಿತ್ತು.

ವಕೀಲರು ಆಕೆಗೆ ಒಂದು ಮಾತೂ ಅನ್ನಲಿಲ್ಲ. ನನ್ನನ್ನು ಮಾತ್ರ ಒಳಗೆ ಕರೆದು ಬೈದರು. ಬೈಸಿಕೊಂಡೆ. ಎಷ್ಟೋ ದಿನದ ಮೇಲೆ ಸಿಂಧನೂರಿನ ಒಂದು ಗೊಬ್ಬರದ ಅಂಗಡಿಯಲ್ಲಿ ಅಂಥದೇ ಡಬ್ಬಿ ಕಂಡಿತು. ಚೀಟಿಯನ್ನು ಕಣ್ಣಿಗೆ ಹಿಡಿದು ಓದಿದೆ. ಬರಿಗೈಯಿಂದ ಮುಟ್ಟಬಾರದು, ತೊಳೆದ ನೀರನ್ನು ಹರಿಯುವ ನೀರಿಗೆ ಬಿಡಬಾರದು, ನೆಲದಲ್ಲಿ ಹೂಳಬೇಕು ಎಂದು ಇಂಗ್ಲಿಷಿನಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಇತ್ತು. ಎರಡನೆಯದನ್ನು ಆಕೆ ಓದದೆಯೇ ಮಾಡಿದ್ದಳು. ಮೊದಲನೆಯದನ್ನು ಆಕೆಗೆ ಯಾರೂ ಓದಿ ಹೇಳಿರಲಿಲ್ಲ.

ಕೋರ್ಟಿನಲ್ಲಿ ಎದುರಿನ ವಕೀಲರು ಡಬ್ಬಿಯನ್ನು ಎತ್ತಿ ತಿರುವಿ ತೋರಿಸಿ, "ಸ್ವಾಮಿ, ಇಂಥದು ನಮ್ಮ ಮನೆಯಲ್ಲೂ ಎರಡಿವೆ, ಒಂದರಲ್ಲಿ ಕೊಬ್ಬರಿ ಎಣ್ಣೆ ಇಟ್ಟಿದ್ದೇವೆ" ಎಂದರು. ಹಿಂದಿನ ಬೆಂಚಿನವರು ನಕ್ಕರು. ಜಡ್ಜ್ ಸಾಹೇಬರು ಎಳೆ ವಯಸ್ಸಿನವರು, ನಗಲಿಲ್ಲ. ಡಬ್ಬಿಯನ್ನು ಕೈಗೆ ತೆಗೆದುಕೊಂಡು ನೋಡಿದರು.

"ಇದನ್ನು ತೊಳೆದವರು ಯಾರಮ್ಮ?"

"ನಾನರಿ."

"ಯಾಕೆ ತೊಳೆದೆ?"

ಆಕೆ ಸಾಹೇಬರ ಮುಖ ನೋಡಿದಳು, ಆಮೇಲೆ ತಲೆ ತಗ್ಗಿಸಿದಳು. ಪರಗಂಡಸಿನ ಎದುರು, ಅಷ್ಟು ಮಂದಿಯ ನಡುವೆ, ಅವನ ಹೆಂಡತಿಯ ಬಸಿರಿನ ಮಾತು ನಮ್ಮ ಕಡೆಯ ಹೆಂಗಸು ಆಡುವುದಿಲ್ಲ.

"ಹೊಲಸಾಗಿತ್ರಿ" ಎಂದಳು.

ಅದೇ ದಾಖಲಾಯಿತು. ನಮ್ಮ ವಕೀಲರಿಗೆ ನಿಜ ಗೊತ್ತಿತ್ತು. ಸಾಹೇಬರ ಮನೆಯ ಸುದ್ದಿ ಎತ್ತಿದರೆ ಓಲೈಸಿದಂತೆ ಆಗುತ್ತದೆ ಎಂದು ಅವರು ಸುಮ್ಮನಿದ್ದರು. ಬಾಗಿಲ ಹತ್ತಿರ ನಿಂತ ನನಗೂ ಗೊತ್ತಿತ್ತು. ಕಾರಕೂನನಿಗೆ ಕೋರ್ಟಿನಲ್ಲಿ ಬಾಯಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ತೀರ್ಪು ಮಳೆಗಾಲ ಕಳೆದ ಮೇಲೆ ಬಂತು. ಯಾವ ಔಷಧಿ ಎಂಬುದಕ್ಕೆ ಪುರಾವೆ ಇಲ್ಲ, ವೈದ್ಯರ ಸಾಕ್ಷಿ ಇಲ್ಲ, ದಾವೆ ವಜಾ. ರಾಯಚೂರಿಗೆ ಅಪೀಲು ಹೋಗಬಹುದು ಎಂದು ವಕೀಲರು ಕಾಟಾಚಾರಕ್ಕೆ ಹೇಳಿದರು. ಆಕೆ ಕೇಳಿಸಿಕೊಂಡು ಎದ್ದಳು. ಮಗಳು ಆಗ ನಾಲ್ಕರ ಪೋರಿ. ಎಡಗೈಯಲ್ಲಿ ಅವ್ವನ ಸೆರಗು ಹಿಡಿದು ನಿಂತಿದ್ದಳು. ಇಬ್ಬರೂ ಹೋಗುವ ಮುಂಚೆ ನನ್ನ ಟೇಬಲ್ಲಿನ ಹತ್ತಿರ ಬಂದರು. ಇನ್ನು ಬೈಯುತ್ತಾಳೆ ಎಂದು ನಾನು ಮಷೀನಿನಿಂದ ತಲೆ ಎತ್ತಲಿಲ್ಲ.

"ಸಾಹೇಬ್ರ ಮನ್ಯಾಗ ಹೆರಿಗಿ ಆತೇನ್ರಿ ಅಣ್ಣಾರ?"

"ಆತವ್ವಾ. ಗಂಡು. ಹೋದ ತಿಂಗಳ ಪೇಡೆ ಹಂಚಿದ್ರು."

"ಕೈಕಾಲು ಚಂದ ಅದಾವೇನ್ರಿ?"

"ಅದಾವಂತ."

ಆಕೆಯ ಮುಖದಲ್ಲಿ ಸಂತೋಷವೂ ಇರಲಿಲ್ಲ, ದುಃಖವೂ ಇರಲಿಲ್ಲ. ಗದ್ದೆಯಲ್ಲಿ ಮೊಳಕೆ ನೋಡಿದ ಸುದ್ದಿ ಹೇಳುವಾಗ ಇದ್ದ ಮುಖವೇ ಅದು.

"ಹಂಗಾದ್ರ ನಾ ಹೇಳಿದ್ದು ಖರೇ ಆತಲ್ರಿ. ತೊಳಿಲಾರದಾಗ ಈಕಿಗೆ ಹಿಂಗಾತು, ತೊಳದಾಗ ಆ ಕೂಸಿಗೆ ಏನೂ ಆಗಲಿಲ್ಲ. ಸಾಕ್ಷಿ ಬೇಕು ಅಂದಿದ್ರಿ, ಸಿಕ್ತಲ್ರಿ. ಬರಕೋರಿ."

ನನ್ನ ಮಷೀನಿನಲ್ಲಿ ಯಾರದೋ ಹೊಲದ ಕ್ರಯಪತ್ರ ಅರ್ಧ ಆಗಿತ್ತು. ಆಕೆ ಮಗಳ ಕೈ ಹಿಡಿದು ನಿಂತೇ ಇದ್ದಳು. ನಾನು ಕ್ರಯಪತ್ರದ ಮುಂದಿನ ಸಾಲು ಹೊಡೆದೆ.